ನಾಲ್ಕನೆಯವನ ಭಾರ

ಕಂದೀಲು ಸಣ್ಣ ಮಾಡ್ರಿ... ಹಾಂ, ಅಷ್ಟ ಸಾಕು. ನಾ ಹೇಳೋ ಮುಂದ ನಡುವ ಎದ್ದು ಯಾರೂ ಹೊರಗ ಹೋಗಬ್ಯಾಡ್ರಿ.

ಇದು ಅವರಿವರು ಕಟ್ಟಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ ಕನಕಪ್ಪಗ ಆದದ್ದು. ಮುಶಿಗೇರ್ಯಾಗ ಗುಂಡಕಲ್ಲು ಎತ್ತೋ ಗಂಡಸರಿಗೆ ಕಡಿಮಿ ಇಲ್ಲ. ಆದ್ರ ಅದನ್ನ ಎದಿಮಟ ತಂದು, ಹೆಗಲ ದಾಟಿಸಿ, ಬೆನ್ನ ಹಿಂದ ಒಗದು, ಮ್ಯಾಲೆ ಮೀಸಿ ತಿರುವೋವ ಅಂವ ಒಬ್ಬನ. ನಮ್ಮ ಮನಿತನದ ರಟ್ಟಿ ಅಂದ್ರ ಸುಮ್ನ ಅಲ್ಲ ಮತ್ತ! ಅಂಜುಬುರುಕ ಯಾವನರ ಬಂದು ಹೇಳಿದ್ರ ನಾ ನಕ್ಕು ಕಳಸ್ತಿದ್ದೆ. ಕನಕಪ್ಪಗ ಆತು... ಅದಕ್ಕ ನಂಬಿದೆ.

ಮುಂಬಯಿ ರಾಜ್ಯ ಬಿಟ್ಟು ನಾವೆಲ್ಲಾ ಮೈಸೂರು ರಾಜ್ಯಕ್ಕ ಸೇರಿದ ಮರುವರ್ಷ. ಜೋಳದ ಸುಗ್ಗಿ ಮುಗದಿತ್ತು. ಕನಕಪ್ಪ ಮತ್ತ ಅವನ ದೋಸ್ತ ಮದರಸಾಬ, ಇಬ್ಬರೂ ಗಜೇಂದ್ರಗಡದಿಂದ ರಾತ್ರಿ ಊರಿಗೆ ನಡಕೊಂಡು ಬರಾಕತ್ತಿದ್ರು. ಚಂದ್ರ ಮೂಡಿರಲಿಲ್ಲ. ಎರಿಹೊಲದ ನಡುವಿನ ಬಂಡಿ ಹಾದಿ. ಮದರಸಾಬನ ಹೊಸಾ ಕೆರ ಚರಕ್... ಚರಕ್... ಅಂತಿದ್ದವು. ಕನಕಪ್ಪನ ಬಾಯಿ ಅದಕ್ಕಿಂತ ಜೋರು.

"ಮೂರು ಬಂಡ್ಯಾಗ ಚಲೋದು ಆರಿಸಿದವ ನಾನಲೇ ಮದರ್ಯಾ. ಅದಕ್ಕ ಕಣ್ಣು ಬೇಕು, ಕಣ್ಣು!"

"ಆರಿಸಿದವ ನೀನು. ಅದರಾಗ ಮಲಗಿ ಬಸರಿ ಆದವ ನಾನು. ಅದನ್ನೂ ಊರಾಗ ಹೇಳು ಮತ್ತ."

ಆದದ್ದು ಹಿಂಗ. ಕನಕಪ್ಪನ ತಂಗಿ ಶಂಕ್ರವ್ವನ್ನ ಚಿಕ್ಕನರಗುಂದಕ್ಕ ಕೊಟ್ಟಿದ್ರು. ಅಕಿಗೆ ಎರಡು ಬಸರು ನಿಂತಿರಲಿಲ್ಲ. ಎರಡನೆಯದು ತವರಿಗೆ ಬರೋ ಮುಂದ ಮೋಟಾರಿನ್ಯಾಗನ, ಕುಲುಕಾಟಕ್ಕ, ಮಂದಿ ನಡುವ ಹೋಗಿತ್ತು. ಈ ಸಲ ಒಂಬತ್ತರಾಗ ಬಿದ್ದಿತ್ತು. "ಇದೂ ಹೋದ್ರ ನಾನೂ ಉಳಿಯಂಗಿಲ್ಲ ಅಂತ ಅಣ್ಣಗ ಹೇಳ್ರಿ," ಅಂತ ಹೇಳಿ ಕಳಿಸಿದ್ಲು. ತಾಯಿ ಹೊಳೆವ್ವ ಮಗನ ಗಲ್ಲಾ ಹಿಡದು, "ತುಂಬಿದ ಕೊಡಾ ತಂದಂಗ ಅಕಿನ್ನ ತಗೊಂಡು ಬರೋಣೋ ನನ್ನಪ್ಪಾ," ಅಂದಿದ್ಲು.

ಎತ್ತು ಮನ್ಯಾಗಿದ್ದವು. ಕೆಂದ್ಯಾ, ಮಾಲ್ಯಾ ಅಂತ ಊರಿಗೇ ಹೆಸರಾದ ಕಿಲಾರಿ ಜೋಡಿ. ಆದ್ರ ಬಂಡಿ? ಗೊಬ್ಬರ ಹೇರೋ ಚಕ್ಕಡಿ ಒಂದಿತ್ತು, ಅಷ್ಟ. ಬಸರಿ ಹೆಣ್ಣಮಗಳು ಮಲಕ್ಕೊಂಡು ಬರಬೇಕು. ರೋಣ, ನರಗುಂದ ದಾಟಿ ಹೋಗಿ ಬರೋ ಹಾದಿ. ವಸ್ತಿ ಬಿದ್ದಲ್ಲಿ ಬಂಡಿನ ಮನಿ, ಬಂಡಿನ ಅಡಗಿಮನಿ. ಅದಕ್ಕ ಕೊಲ್ಲಾರಿ ಬಂಡಿನ ಆಗಬೇಕು, ಬಿದಿರು ಬಾಗಿಸಿ ಮ್ಯಾಲೆ ಚಾವಣಿ ಕಟ್ಟಿದ್ದು. ಗಜೇಂದ್ರಗಡದಾಗ ಯಮನೂರಸಾಬ ಅಂತ ಬಂಡಿ ಕಟ್ಟೋ ಮುದುಕ ಅವನ್ನ ಬಾಡಗಿಗೆ ಬಿಡ್ತಿದ್ದ.

ಅಂಗಳದಾಗ ಮೂರು ನಿಂತಿದ್ದವು. ಒಂದು ದೊಡ್ಡದು. ಕಬ್ಬಿಣದ ಸ್ಪ್ರಿಂಗಿನ ಮ್ಯಾಲೆ ಕುಂತದ್ದು, ಒಳಗ ಮಕಮಲ್ಲಿನ ಗಾದಿ, ಕನ್ನಡಿ, ಹಿತ್ತಾಳಿ ಗಂಟಿ. ಕನಕಪ್ಪ ಅದರ ಗಾಲಿ ಮ್ಯಾಲೆ ಕಾಲಿಟ್ಟದ್ದ ತಡ, ಯಮನೂರಸಾಬನ ಹೆಂಡತಿ ಖಾಜಾಬಿ ಒಳಗಿಂದ ಬಂದ್ಲು.

"ಇಳಿಯೋ ತಮ್ಮಾ. ಅದು ದೇಸಾಯರ ಹೆಣ್ಮಕ್ಕಳು ಕೂಡೋದು. ನಿನ್ನ ಧೋತರದ ಎರಿಮಣ್ಣು ಗಾದಿಗೆ ಹತ್ತಿದ್ರ ತೊಳಿಯೋಕಿ ನಾನು."

"ಚಾಚಿ, ಇದನ್ನ ಎಳಿಯೋ ಎತ್ತು ದೇಸಾಯರ ಕಡೆ ಇಲ್ಲ. ನನ್ನ ಕಡೆ ಅದಾವ."

"ಎತ್ತು ಅದಾವಪಾ. ಕಿಸೆದಾಗ ಏನೈತಿ?"

ಮದರಸಾಬ ಬಿದ್ದು ಬಿದ್ದು ನಕ್ಕ. ಕನಕಪ್ಪ ಮೀಸಿ ತಿರುವಿಕೋತ ಇಳದ.

ಇನ್ನೊಂದು ಸಣ್ಣದು. ತಟ್ಟಿಗೆ ತಟ್ಟು ಹೊಲದ ಚಾವಣಿ. ಇಬ್ಬರು ಕುಂತ್ರ ಮೂರನೆಯವನ ಮೊಣಕಾಲು ಹೊರಗ. ಗಾಲಿ ಅಲುಗ್ಯಾಡ್ತಿತ್ತು.

ಉಳದದ್ದು ನಡುವಿಂದು. ತೀರಾ ಮೆರವಣಿಗಿದೂ ಅಲ್ಲ, ತೀರಾ ದರಿದ್ರದ್ದೂ ಅಲ್ಲ. ಹೊಸಾ ಈಚಲ ಚಾಪಿ, ಕೆಳಗ ಮೇವು ಹಾಕೋ ಜೋಳಿಗಿ, ಬಾಜೂಕ ನೀರಿನ ಬಿಂದಗಿ ಇಡಾಕ ಕಟ್ಟಿಗಿ ಬಳಿ, ಚಾವಣಿಗೆ ಕಂದೀಲಿನ ಕೊಂಡಿ. ಕನಕಪ್ಪ ಸುಮ್ನ ನೋಡಿ ಒಪ್ಪೋ ಮನಷ್ಯಾನ? ಮದರಸಾಬನ್ನ ಒಳಗ ಅಂಗಾತ ಮಲಗಿಸಿದ. ಹೊಟ್ಟಿ ಮ್ಯಾಲೆ ತುಂಬಿದ ತಂಬಗಿ ಇಟ್ಟ.

"ನೀ ಬಸರಿ. ತಿಳೀತಿಲ್ಲೋ? ಉಸರು ಹಿಡದು ಮಲಗು."

ತಾನ ನೊಗಾ ಕಟ್ಟೋ ಮೂಕಿ ಹಿಡದು, ಎರಡೂ ಬಂಡಿ ಒಂದೊಂದಾಗಿ ಅಂಗಳದಾಗ ಓಡಿಸಿ ಓಡಿಸಿ ಎಳದ. ಸಣ್ಣ ಬಂಡ್ಯಾಗ ಮದರಸಾಬ ತೊಯ್ದು ತೊಪ್ಪಿ ಆದ. ನಡುವಿನ ಬಂಡ್ಯಾಗ ತಂಬಗಿಯಿಂದ ತುಸು ತುಳುಕಿತು, ಅಷ್ಟ.

"ಇದನ್ನ ಕೊಡ್ರಿ ಕಾಕಾ," ಅಂದ ಕನಕಪ್ಪ.

ಯಮನೂರಸಾಬ ಗಾಲಿಗೆ ಕೀಲೆಣ್ಣಿ ಹಚ್ಚಿಕೋತ ಹೇಳಿದ. "ಇದರದೊಂದು ಗುಣಾ ಐತಿ ತಮ್ಮಾ, ನೆನಪಿಡು. ನಾಲ್ಕು ಮಂದಿಗೆ ತೂಗಿ ಕಟ್ಟೇನಿ. ಇಬ್ಬರಿದ್ರ ಒಬ್ಬರು ಹಿಂದ ಕೂಡ್ರಿ. ಮೂವರಾಗಿ ಹಿಂದ ಖಾಲಿ ಬಿದ್ರ ಮುಂದ ಜಗ್ಗತೈತಿ, ನೊಗಾ ಎತ್ತಿನ ಹೆಗಲ ತಿಂತೈತಿ. ಹಿಂದ ಒಂದಾಳಿನ ಭಾರ ಹೇರಲೇಬೇಕು."

"ಅದೇನ ದೊಡ್ಡ ಮಾತ್ರಿ," ಅಂದಿದ್ದ ಕನಕಪ್ಪ.

ಇದನ್ನೆಲ್ಲಾ ಮತ್ತೊಮ್ಮೆ ಮದರಸಾಬಗ ಹೇಳ್ಕೋತ, ತನ್ನ ಕಣ್ಣಿನ ಬಡಾಯಿ ಕೊಚ್ಚಿಕೋತ ಬರೋದ್ರಾಗ ಹಾಳಬಾವಿ ಬಂತು. ಬಾವಿ ಮ್ಯಾಲೆ ಆಲದ ಗಿಡ. ಬೀಳಲು ನೀರಿಗೆ ತಾಗಿ ಪಚಕ್... ಪಚಕ್... ಅಂತಿದ್ದವು. ಮದರಸಾಬ ತಟ್ನ ನಿಂತು ಕೆರ ಕಳದು ಕೈಯಾಗ ಹಿಡಕೊಂಡ.

"ಮೆಲ್ಲಕ..." ಅಂದ.

"ಯಾಕಲೇ?"

"ಗೊತ್ತಿದ್ದೂ ಕೇಳ್ತಿ..."

ಬಾವಿ ಬಾಜೂಕ ಕಲ್ಲಿನ ಗುಡ್ಡಿ ಇತ್ತು. ಹಿಂದ ಯಾವಾಗೋ ಕುರಿ ಮಾರಿ ಬರ್ತಿದ್ದವನೊಬ್ಬನ್ನ ಜೋಡಿ ಬಂದವರ ಅಲ್ಲಿ ಕೊಡ್ಲಿಲೆ ಕಡದಿದ್ರು. ಕುತಗಿ ಅರ್ಧಾ ಹರದಿತ್ತಂತ. ಜೀವಾ ಮಾತ್ರ ಹೋಗವಲ್ದು... ಬೆಳತನಕ ಗೊರ್... ಗೊರ್... ಅಂದಾನಂತ. ಅಲ್ಲೇ ಮಣ್ಣು ಕೊಟ್ರು. ಅವತ್ತಿನಿಂದ ಹಾದು ಹೋಗೋ ಮಂದಿ ಒಂದೊಂದು ಕಲ್ಲು ಇಟ್ಟ ಹೋಗ್ತಾರ. ಎರಿಹೊಲದಾಗ ಕಲ್ಲು ಸಿಗಂಗಿಲ್ಲ. ಅದಕ್ಕ ಗಜೇಂದ್ರಗಡದ ಗುಡ್ಡದ ಬುಡದಾಗನ ಆರಿಸಿ, ಕಿಸೆದಾಗ ಹಾಕ್ಕೊಂಡು ಬರ್ತಾರ. ಮದರಸಾಬ ಕಿಸೆಯಿಂದ ಒಂದು ತಗದು ಇಟ್ಟ. ಟಕ್.

"ನೀನೂ ಇಡು."

"ನಾ ತಂದಿಲ್ಲ. ಸತ್ತವನ ಎದಿ ಮ್ಯಾಲೆ ಮತ್ತ ಮತ್ತ ಕಲ್ಲು ಯಾಕ ಹೇರ್ತೀರಿಲೇ?"

ಮದರಸಾಬ ಕಿವಿ ಹತ್ರ ಬಾಯಿ ತಂದ. "ಏಳಬಾರದಂತ..."

ಕನಕಪ್ಪ ಹೋ ಅಂತ ನಕ್ಕ. ಆ ನಗಿ ಬಾವ್ಯಾಗ ಬಿದ್ದು ತಿರುಗಿ ಬಂತು. ಅಂವ ಬಾಯಿ ಮುಚ್ಚಿದ ಮ್ಯಾಲೂ... ತುಸು ಹೊತ್ತು ಬಂತು.

ಮರುದಿನ ಎತ್ತು ಹೊಡಕೊಂಡು ಹೋಗಿ ಬಂಡಿ ಹೂಡಿದ್ರು. ಚಿಕ್ಕನರಗುಂದಕ್ಕ ಹೋದದ್ದು ಸಸಾರ ಆತು. ತಾಯಿ ಹಿಂದ, ಮಗ ಮುಂದ. ರೋಣದ ಹೊರಗ ವಸ್ತಿ ಮಾಡಿ, ಬಂಡಿ ನೆರಳಿಗೆ ಒಲಿ ಹೂಡಿ ರೊಟ್ಟಿ ಬಡದ್ರು. ನರಗುಂದದ ಗುಡ್ಡದ ಕೆಳಗ ಎತ್ತಿಗೆ ನೀರು ಕುಡಿಸಿದ್ರು. ಎದುರು ಬಂದ ಬಂಡ್ಯಾಗಿನ ಮಂದಿ, "ಯಾರದಪಾ ಬಂಡಿ?" ಅಂದ್ರ, "ನಮ್ದ!" ಅಂತಿದ್ದ ಕನಕಪ್ಪ. ತಾಯಿ ಹಿಂದಿಂದ ಬೆನ್ನಿಗೆ ಗುದ್ದತಿದ್ಲು.

ತಿರುಗಿ ಬರೋ ಮುಂದ ಶಂಕ್ರವ್ವನ ಗಂಡ ಮಲ್ಲೇಶಪ್ಪನೂ ಹತ್ತಿದ. ಗಜೇಂದ್ರಗಡದ ಸಂತ್ಯಾಗ ಅವನಿಗೊಂದು ಎತ್ತು ನೋಡೋದಿತ್ತು. ಅಂವ ಹಿಂದಿನ ಹಲಗಿ ಮ್ಯಾಲೆ ಕುಂತ. ನಾಲ್ವರು ತುಂಬಿದ ಬಂಡಿ ತೊಟ್ಟಲಾದಂಗ ಆತು. ಶಂಕ್ರವ್ವ ತಾಯಿ ತೊಡಿ ಮ್ಯಾಲೆ ತಲಿ ಇಟ್ಟು, ಹೊಟ್ಟಿ ಮ್ಯಾಲೆ ಎರಡೂ ಕೈ ಇಟ್ಟು, ದಾರಿ ಉದ್ದಕ್ಕೂ ಚಾವಣಿ ನೋಡ್ಕೋತ ಬಂದ್ಲು. ಗಾಲಿ ತುಸು ಕುಳಿಗೆ ಬಿದ್ರ ಸಾಕು, ಅಕಿ ಉಸರು ನಿಂದ್ರತಿತ್ತು.

"ಐತೇನವಾ?" ಅಂತಿದ್ಲು ಹೊಳೆವ್ವ.

"ಐತಿ. ಒದಿಯಾಕತ್ತೈತಿ," ಅಂತಿದ್ಲು ಮಗಳು. ಆಗ ಎಲ್ಲಾರೂ ಉಸರು ಬಿಡ್ತಿದ್ರು.

ಗಜೇಂದ್ರಗಡಕ್ಕ ಬರೋದ್ರಾಗ ಹೊತ್ತು ಮುಳುಗಿತ್ತು. ಮಲ್ಲೇಶಪ್ಪ ಯಮನೂರಸಾಬನ ಅಂಗಳದ ಮುಂದನ ಇಳದ. ಮುದುಕ ಕಂದೀಲು ಹಿಡಕೊಂಡು ಬಂದು ಬಂಡಿ ಸುತ್ತ ನೋಡಿದ.

"ರಾತ್ರಿ ಇಲ್ಲೇ ಇರ್ರಿ. ಮುಂಜಾನೆದ್ದು ಹೋಗ್ರಿ."

"ಕತ್ತಲಕ್ಕ ಅಂಜಿ ನಿಂತ ಅಂದ್ರ ಊರಾಗ ನನ್ನ ಮೀಸಿ ಬೋಳಿಸ್ತಾರ್ರಿ ಕಾಕಾ."

"ಹಂಗಾದ್ರ ಈ ಉಸುಕಿನ ಚೀಲಾ ಹಿಂದ ಹಾಕ್ಕೊ. ಈಗ ಮೂವರ ಆದ್ರಿ."

"ಕನಕಪ್ಪನ ಬಂಡ್ಯಾಗ ಉಸುಕಿನ ಚೀಲ? ಮಂದಿ ನಗತಾರ. ಬೇಕಾದ್ರ ಹಾದ್ಯಾಗ ಕಲ್ಲು ಹೇರಿಕೊಂತೀನಿ. ಕಲ್ಲಿಗೇನ ಬರ ಬಂದೈತಿ?"

ಬಾರಕೋಲು ಚಟ್ ಅಂತು. ಬಂಡಿ ಹೊಂಟಿತು.

ಬಡಾಯಿ ಕೊಚ್ಚೋದ್ರಾಗ ಕಲ್ಲು ಹೇರೋದು ಮರತ, ಗುಡ್ಡ ಹಿಂದ ಬಿತ್ತು. ಎರಿಹೊಲ ಬಂತು. ಆಮ್ಯಾಲೆ ನೋಡ್ರಿ, ಹರಳಿಲ್ಲ, ಕಲ್ಲಿಲ್ಲ, ಮೈಲುಗಟ್ಟಲೆ ಬರೇ ಕರೀ ಮಣ್ಣು. ಬಂಡಿ ಮುಂದಕ್ಕ ಮುಗ್ಗರಸಾಕ ಹತ್ತಿತು. ಕೆಂದ್ಯಾ ತಲಿ ಝಾಡಿಸ್ತು. ಕನಕಪ್ಪ ಅದರ ಹೆಗಲ ಸವರಿದ... ಕೈ ಅಂಟಂಟು. ರಕ್ತ.

"ಅಣ್ಣಾ... ಬಂಡಿ ಮುಗ್ಗರಿಸಿದಾಗೊಮ್ಮೆ ಕೆಳಗ ಜಗ್ಗತೈತಿ..." ಶಂಕ್ರವ್ವನ ಧ್ವನಿ ಸಣ್ಣದಾಗಿತ್ತು.

ಹೊಳೆವ್ವನ್ನ ಹಿಂದ ಸರಸೋ ಹಂಗಿಲ್ಲ. ಮಗಳನ್ನ ಅವುಚಿ ಹಿಡದಾಳ. ಬಸರಿನ್ನ ಹಿಂದಿನ ಹಲಗಿಗೆ ಹಾಕಿದ್ರ ಕುಲುಕಾಟ ಇನ್ನೂ ಜಾಸ್ತಿ. ಕನಕಪ್ಪ ಹಲ್ಲು ಕಡಕೋತ ಎತ್ತು ಮೆಲ್ಲಕ ನಡಿಸಿದ. ಅಷ್ಟರಾಗ ಎದುರಿಗೆ ಬಂತು... ಹಾಳಬಾವಿ. ಆಲದ ಗಿಡ. ಗುಡ್ಡಿ.

ಬಂಡಿ ನಿಲ್ಲಿಸಿದ.

"ಎಲ್ಲೆ ನಿಂತಿಯೋ?" ಒಳಗಿಂದ ತಾಯಿ ಪಿಸುಗುಟ್ಟಿದ್ಲು.

"ಎತ್ತು ದಣದಾವ. ಸುಮ್ನಿರು ಯವ್ವಾ."

ಕಂದೀಲಿನ ಬೆಳಕು ಅತ್ತಾಗ ಬೀಳದಂಗ ತಿರುವಿ ಇಟ್ಟು ಇಳದ. ಮ್ಯಾಲಿನವು ಸಣ್ಣವು. ಅವನ್ನ ಕಾಲಲೆ ಉರುಳಿಸಿದ. ಕೆಳಗಿನವು ಮಣ್ಣು ಕೊಟ್ಟಾಗ ಬಂಡ್ಯಾಗ ತಂದು ಹೇರಿದ್ದು, ತಲಿಗಾತ್ರದವು. ಒಂದೊಂದ ಅವುಚಿ ತಂದು ಬಂಡಿ ಹಿಂದ ಒಟ್ಟಿದ. ಧಪ್... ಧಪ್... ಗುಡ್ಡಿ ನೆಲಾ ಕಾಣೋಮಟ ಇಳೀತು. ಕಡೀ ಕಲ್ಲು ಎತ್ತಿದಾಗ ಅದರ ಬುಡ ಹಸಿ ಇತ್ತು. ಬ್ಯಾಸಗಿ... ಹಸಿ ಎಲ್ಲಿಂದ? ಅಂವ ಕೈ ಧೋತರಕ್ಕ ಒರಿಸಿಕೊಂಡು ನಕ್ಕ.

"ಬಾಪಾ ನಾಲ್ಕನೆಯವನ. ಪುಕಟ ಸವಾರಿ ಐತಿ, ಕೂಡು."

ಬಂಡಿ ಹದಾ ಹಿಡೀತು. ಮೂಕಿ ಸಮಾ ಆತು. ಗಾಲಿ ಸಪ್ಪಳ ಸೈತ ಮೆತ್ತಗಾತು. ಶಂಕ್ರವ್ವಗ ಜೊಂಪು ಹತ್ತಿತು. ಕನಕಪ್ಪಗ ಭಾಳ ಹೆಮ್ಮಿ ಆತು. ಎರಡು ಹೊಲಾ ದಾಟಿರಬೇಕು...

ಕಟ್... ಕಟ್... ಕಟ್...

ಹಿಂದ. ಬೆರಳಿನ ನಟಿಗಿ ಮುರದಂಗ. ಕಲ್ಲು ಕೂತ್ಕೊಳ್ಳಾಕತ್ತಾವ ಅಂದ್ಕೊಂಡ.

ಆಮ್ಯಾಲೆ... ಗೊರ್... ಗೊರ್...

"ಯವ್ವಾ, ಮಗ್ಗಲಾ ಹೊಳ್ಳಿ ಮಲಗು. ಗೊರಕಿ ಹೊಡ್ಯಾಕತ್ತಿ."

"ನಾ ಎಚ್ಚರಿದ್ದೀನೋ..." ಅಂದ್ಲು ತಾಯಿ. ಆಮ್ಯಾಲೆ ಇನ್ನೂ ಮೆಲ್ಲಕ, "ಹಿಂದ ಯಾರನ್ನ ಕುಂದ್ರಿಸಿಕೊಂಡಿ?"

ಕನಕಪ್ಪ ಉತ್ತರ ಕೊಡೂಕಿಂತ ಮೊದಲ ಬಂಡಿ ಹಿಂದಕ್ಕ ಕುಸೀತು. ಮೂಕಿ ಮ್ಯಾಲೆದ್ದಿತು. ಮೂಕಿ ಎದ್ರ ನೊಗಾ ಏಳತೈತಿ. ನೊಗಾ ಎದ್ರ ಎತ್ತಿನ ಕೊರಳ ಪಟ್ಟಿ ಉರಲಾಗತೈತಿ. ಮಾಲ್ಯಾನ ಪಟ್ಟಿ ಹರದು ಅದು ಬಾಜೂಕ ಬಿತ್ತು. ಕೆಂದ್ಯಾನ ಪಟ್ಟಿ ಹೊಸಾದು... ಹರೀಲಿಲ್ಲ. ಮುಂಗಾಲು ನೆಲಾ ಬಿಟ್ಟವು. ನಾಲಿಗಿ ಹೊರಗ ಬಂತು. ಅಂಥಾ ಎತ್ತು ಕೂಗಾಕ ಉ‍ಸರಿಲ್ಲದ, ಬರೇ ಕಾಲು ಬಡೀತು. ಕನಕಪ್ಪ ಕುಡಗೋಲು ಹುಡಕೋದ್ರಾಗ... ಕರಕ್. ಕೊರಳು ಮುರೀತು.

"ಅಣ್ಣಾ!" ಶಂಕ್ರವ್ವ ಚೀರಿದ್ಲು. "ನನ್ನ ಕಾಲು ಹಿಡದಾರ... ತಣ್ಣಗ ಐತಿ... ಜಗ್ಗತಾರ!"

ಕನಕಪ್ಪ ಒಳಗ ಹಾರಿದ. ಕಂದೀಲು ತೂಗ್ಯಾಡಿ ಆರಿಹೋತು. ಕತ್ತಲದಾಗ ತಂಗಿಯ ರಟ್ಟಿ ಸಿಕ್ಕಿತು. ಅಕಿ ಹಿಂದಕ್ಕ ಜಾರಾಕತ್ತಿದ್ಲು. ತಾಯಿ ಅಕಿ ನಡುವಿಗೆ ಜೋತು ಬಿದ್ದಿದ್ಲು. ಕನಕಪ್ಪ ದಾಟಿ ಹೋಗಿ ಕಲ್ಲಿಗೆ ಕೈ ಹಾಕಿದ. ಒಂದನ್ನ ಎತ್ತಿ ಹೊರಗ ಒಗದ. ಬಿದ್ದ ಸಪ್ಪಳ ಬರಲಿಲ್ಲ. ಮತ್ತೊಂದು ಒಗದ. ಬರಲಿಲ್ಲ. ಕೈಯಾಡಿಸಿದ್ರ ಕಲ್ಲು ಮೊದಲಿನಷ್ಟ ಅದಾವ...

ಥಚ್!

ಬಾಯಿ ಮ್ಯಾಲೆ ಬಿತ್ತು ಏಟು. ಹಲ್ಲು ನಾಲಿಗಿ ಮ್ಯಾಲೆ ಉದುರಿದ್ವು. ಎರಡನೇದು ಪಕ್ಕಡಿಗೆ. ಒಳಗ ಎಲುಬು ಲಟಕ್ ಅಂದದ್ದು ಅವನಿಗ ಕೇಳಸ್ತು. ಕನಕಪ್ಪ ಪೈಲವಾನ ಮನಷ್ಯಾ. ಕಣ್ಣಿಗೆ ಕಾಣದ್ದನ್ನ ಅವುಚಿ ಹಿಡದ. ಎದಿ ಇತ್ತು... ಹೆಗಲಿತ್ತು... ಕುತಗಿಗೆ ಕೈ ಹಾಕಿ ಹಿಚುಕಬೇಕಂತ ಒತ್ತಿದ. ಬೆರಳು ಒಳಗ ಹೋದ್ವು. ಕಡದ ಸೀಳಿನೊಳಗ. ಬೆಚ್ಚಗಿತ್ತು. ಗೊರ್ ಅನ್ನೋ ಉಸರು ಬೆರಳ ಸಂದ್ಯಾಗ ಹಾದು ಹೋತು.

ಆಮ್ಯಾಲೆ ಆ ಸೀಳು ಮುಚ್ಚಿಕೊಂತು.

ಎರಡು ಬೆರಳು ಮುರದವು. ಕನಕಪ್ಪ ಅವತ್ತ ಮೊದಲನೇ ಸಲ ಚೀರಿದ. ಅದು ಅವನ ತಲಿ ಹಿಡದು ಹಲಗಿಗೆ ಬಡೀತು. ಧಡ್. ಮತ್ತ ಬಡೀತು. ಧಡ್. ಹೊಳೆವ್ವ ಕತ್ತಲದಾಗನ ಕೂಗಿದ್ಲು.

"ಕಲ್ಲು ಎಲ್ಲಿಂದ ತಂದಿ? ಹೇಳೋ! ಎಲ್ಲಿಂದ ತಂದಿ?"

"ಗುಡ್ಡಿಯಿಂದ..."

"ಅಯ್ಯ ನನ್ನ ಹೊಟ್ಟ್ಯಾಗ ಹುಟ್ಟಿದವನ..." ಅಂದ್ಲು ಅಕಿ. ಬೈಯಾಕ ಹೊತ್ತಿರಲಿಲ್ಲ. "ಒಯ್ದು ಇಡು. ಅಲ್ಲೇ ಒಯ್ದು ಇಡು! ಶಂಕ್ರಿಗೆ ಬ್ಯಾನಿ ಹತ್ತೈತಿ. ನೀರ ಒಡದೈತಿ. ಹೊಳ್ಳಿಸು ಬಂಡಿ!"

ಅದೇನು ಆ ಮಾತು ಕೇಳಿತೋ ಏನೋ, ಹಿಡತ ಸಡಲಿತು. ಆದ್ರ ಕಾಲು ಬಿಡಲಿಲ್ಲ. "ಹಿಡದೈತಿ ಅಣ್ಣಾ, ಇನ್ನೂ ಹಿಡದೈತಿ," ಅಂತ ಶಂಕ್ರವ್ವ ಒಂದ ಸಮನ ಅನ್ನಾಕತ್ತಿದ್ಲು.

ಕನಕಪ್ಪ ಇಳದ. ಕುಡಗೋಲಿಲೆ ಕೆಂದ್ಯಾನ ಪಟ್ಟಿ ಕೊಯ್ದ. ಎತ್ತು ಧೊಪ್ ಅಂತ ಬಿತ್ತು. ಮಾಲ್ಯಾ ನಡಗಿಕೋತ ನಿಂತಿತ್ತು. ಅದರ ಕೊರಳಿಗೆ ಹಗ್ಗ ಬಿಗದು ನೊಗಕ್ಕ ಕಟ್ಟಿದ. ಇನ್ನೊಂದು ಕಡೆ... ಯಾರನ್ನ ಕಟ್ಟಬೇಕು?

ತಾನ ಹೆಗಲು ಕೊಟ್ಟ.

ಕೇಳ್ರಿ. ಊರಿನ ಗುಂಡಕಲ್ಲು ಬೆನ್ನ ಹಿಂದ ಒಗಿಯೋ ಗಂಡಸು. ಎತ್ತಿನ ಜೋಡಿ ಎತ್ತಾಗಿ ನಿಂತ. ಎದ್ದ ನೊಗಾ ಜಗ್ಗಿ ಜಗ್ಗಿ ಹೆಗಲ ಮ್ಯಾಲೆ ತಂದ. ಅದು ಮತ್ತ ಮ್ಯಾಲೆ ಏಳಬಾರದಂತ ಹಗ್ಗಾ ಕೊರಳಿಗೆ ಸುತ್ತಿದ. ಬಂಡಿ ಹೊಳ್ಳಿತು. ಒಂದು ಹೆಜ್ಜಿ. ಎರಡು. ಪಕ್ಕಡ್ಯಾಗ ಮುರದ ಎಲುಬು ಚುಚ್ಚತಿತ್ತು. ಬಾಯಾಗಿನ ರಕ್ತ ಎದಿಗಿಳೀತಿತ್ತು. ಒಳಗ ಶಂಕ್ರವ್ವ ನರಳತಿದ್ಲು.

ಆಗ... ಮುಂದಿನ ಹಲಗಿ ಕಿರ್ ಅಂತು. ಕನಕಪ್ಪ ಕೂಡೋ ಜಾಗಾದಾಗ ಯಾರೋ ಬಂದು ಕುಂತಂಗ.

ಚ್ಚ... ಚ್ಚ... ನಾಲಿಗಿ ಸಪ್ಪಳ. ಎತ್ತಿಗೆ ಮಾಡಿದಂಗ.

ಚಟೀರ್!

ಬಾರಕೋಲು ಬೆನ್ನ ಮ್ಯಾಲೆ ಬಿತ್ತು. ಅಂಗಿ ಹರದು, ಚರ್ಮಾ ಹರೀತು. ಮಾಲ್ಯಾಗ ಒಂದೂ ಬೀಳಲಿಲ್ಲ. ಎಲ್ಲಾ ಕನಕಪ್ಪಗ. ಅಂವ ನಿಂತ್ರ ಬೀಳತಿತ್ತು. ನಡದ್ರೂ ಬೀಳತಿತ್ತು. ಬೈಯಾಕ ಬಾಯಿ ತಗದ್ರ ಕಿವಿ ಮ್ಯಾಲೆ ಬೀಳತಿತ್ತು. ಆಮ್ಯಾಲೆ ಬೈಯೋದು ಬಿಟ್ಟ. ಮೊಣಕಾಲಿಗೆ ಬಿದ್ದ. ಎದ್ದ. ಮತ್ತ ಬಿದ್ದ. ಹಗ್ಗಾ ಕೊರಳು ಕೊಯ್ತು. "ಐತೇನು ಯವ್ವಾ?" ಅಂತ ಕೇಳ್ತಿದ್ದ, ಅಷ್ಟ. ಒಳಗಿಂದ ಒಮ್ಮೆ "ಐತಿ" ಅಂತ ಬಂತು. ಇನ್ನೊಮ್ಮೆ ಕೇಳಿದಾಗ ಏನೂ ಬರಲಿಲ್ಲ.

ಬಾವಿ ಹತ್ರ ಬಂದಾಗ ಅಂವ ನೊಗದಾಗಿಂದ ಬಿಡಿಸಿಕೊಂಡು ತೆವಳಿಕೋತ ಹಿಂದ ಹೋದ. ಕಲ್ಲು ತಗದ. ಇಟ್ಟ. ಟಕ್. ಈಗ ಸಪ್ಪಳ ಬಂತು. ಮತ್ತ ತಗದ. ಮುರದ ಬೆರಳಲೆ ಎತ್ತತಿದ್ದ. ಕುಂಬಳಕಾಯಿಯಷ್ಟು ಕಲ್ಲು... ಗುಂಡಕಲ್ಲಿಗಿಂತ ಭಾರ. ಪ್ರತಿಯೊಂದು ಕಲ್ಲಿಗೂ ಬೆನ್ನ ಮ್ಯಾಲೆ ಒಂದು ಏಟು. ಕಡೀ ಕಲ್ಲು ಹಸಿ ಬುಡದ್ದು. ಅದನ್ನ ಎದಿಗೆ ಅವುಚಿಕೊಂಡಾಗ ಹಿಂದಿಂದ ಅವನ ಜುಟ್ಟು ಹಿಡದು, ಮಾರಿ ಆ ಕಲ್ಲಿಗೇ ಜಜ್ಜಿತು. ಒಮ್ಮೆ. ಮತ್ತೊಮ್ಮೆ. ಮೂಗು ಒಡೀತು. ಅಂವ ಕಲ್ಲು ಬಿಡಲಿಲ್ಲ. ಬಿಟ್ರ ತಂಗಿ ಹೋಗ್ತಾಳ ಅನ್ನೋದೊಂದ ತಲ್ಯಾಗ. ಹಂಗ ಜಜ್ಜಿಸಿಕೋತ, ಮೊಣಕಾಲ ಮ್ಯಾಲೆ ಹೋಗಿ, ಇಟ್ಟ.

ಸುಮ್ಮನಾತು.

ಬಾವ್ಯಾಗಿನ ಪಚಕ್ ಪಚಕ್ ಸೈತ ನಿಂತಿತು. ಕನಕಪ್ಪ ಅಲ್ಲೇ ಕಲ್ಲಿನ ಮ್ಯಾಲೆ ಬಿದ್ದು, ಏಳೋ ಧೈರ್ಯ ಇಲ್ಲದ, ಕಿವಿಗೊಟ್ಟ...

ಸಣ್ಣದೊಂದು ಸೀನು. ಆಮ್ಯಾಲೆ ಒಂದು ಅಳು. ಹರಕು ಅಳು. ತಡದು ತಡದು ಬಂತು, ಆದ್ರ ಬಂತು.

"ಹೆಣ್ಣು," ಅಂದ್ಲು ಹೊಳೆವ್ವ ಕತ್ತಲದಾಗ. "ಉಸರೈತಿ. ಶಂಕ್ರೀನೂ ಅದಾಳ. ಕಾಲು ಬಿಟ್ಟೈತಂತ."

ಬೆಳಕು ಹರದಾಗ ದೋಸ್ತ ಯಾಕ ಬರಲಿಲ್ಲಂತ ಹುಡಿಕ್ಕೋತ ಮದರಸಾಬನ ಬಂದ. ಅಂವ ನೋಡಿದ್ದು ಇಷ್ಟು. ಗುಡ್ಡಿ ಮ್ಯಾಲೆ ಬೋರಲ ಬಿದ್ದ ಕನಕಪ್ಪ. ಬೆನ್ನ ಮ್ಯಾಲೆ ಬೆರಳಿಡೋವಷ್ಟು ಜಾಗಾ ಉಳಿದಿರಲಿಲ್ಲ. ಬಾರಕೋಲು ಮಾತ್ರ ಬಂಡ್ಯಾಗಿನ ಕೊಂಡಿಗೆ ಸಿಗಿಸಿದಂಗ ಇತ್ತು, ಒಣಗಿ, ರಕ್ತದ ಹನಿ ಸೈತ ಇಲ್ಲದ.

ನಮ್ಮ ಕನಕಪ್ಪ ಉಳದ. ಆ ಕೂಸೂ ಉಳೀತು. ಈಗ ನಮ್ಮ ಓಣ್ಯಾಗ ಓಡ್ಯಾಡತೈತಿ, ಕಳಕವ್ವ ಅಂತ ಹೆಸರಿಟ್ಟಾರ, ಭಾಳ ಜಗಳಗಂಟಿ. ಬೆನ್ನಿನ ಗಾಯಾ ಮಾಯ್ದವು. ಮೂಗು ತುಸು ಸೊಟ್ಟ ಐತಿ, ಅಷ್ಟ.

ಹೆಗಲ ಮಾತ್ರ... ನೊಗಾ ಬಿದ್ದಿತ್ತಲ್ಲ, ಅಲ್ಲಿ ಒಂದು ಗಡ್ಡಿ ಐತಿ. ದವಾಖಾನ್ಯಾಗ ಬಾವು ಅಂದ್ರು. ಬಾವಲ್ಲ ಅದು. ಎತ್ತು ಸಾಕಿದ ಮುದುಕರು ಮುಟ್ಟಿ ನೋಡಿದ್ರು. ವರ್ಷಗಟ್ಟಲೆ ನೊಗಾ ಹೊತ್ತ ಎತ್ತಿಗೆ ಬರೋದು, ಒಂದು ರಾತ್ರ್ಯಾಗ ಬರಂಗಿಲ್ಲ ಅಂದ್ರು. ಮ್ಯಾಲೆ ಕೂದಲಾ ಬಂದಾವ. ಕಂದು ಬಣ್ಣದವು, ಗಿಡ್ಡವು. ನಾನ ಮುಟ್ಟೀನಿ. ಖರೇ ಹೇಳ್ತೀನಿ, ಈ ದೀಪದ ಆಣಿ.

ಸುಳ್ಳು ಅನ್ನೋರು ನಾಳೆ ಮಧ್ಯಾಹ್ನ ನನ್ನ ಜೋಡಿ ಹೊಲಕ್ಕ ಬರ್ರಿ. ಅಂವ ಬದುವಿನ ಮ್ಯಾಲೆ ಅಂಗಿ ಕಳದು ಕುಂತಾಗ ಕಾಗಿ ಬಂದು ಆ ಗಡ್ಡಿ ಮ್ಯಾಲೆ ಕೂಡತೈತಿ, ಕೊಕ್ಕಿಲೆ ಕೆದರತೈತಿ. ಅಂವ ಕೈ ಎತ್ತಿ ಓಡಸಂಗಿಲ್ಲ. ಬರೇ ಹೆಗಲಿನ ಚರ್ಮಾ ಝಲ್ಲಂತ ನಡುಗಿಸ್ತಾನ.